ತೇಯುವ ವರಹ

ನಕಲಿ ನಾಣ್ಯಕ್ಕೆ ಒಂದು ಚಾಳಿಯಿದೆ. ಅದು ಅಸಲಿಗಿಂತ ಹೆಚ್ಚು ಹಳೆಯದಾಗಿ ಕಾಣಲು ಹೆಣಗುತ್ತದೆ. ತಿಪ್ಪೆಯಲ್ಲಿ ಹೂತು, ಮೊಟ್ಟೆಯ ಹಳದಿ ಬಳಿದು, ಹೊಗೆ ಹಿಡಿಸಿ, ಇದ್ದಿಲಿನ ಹಾಗೆ ಕಪ್ಪು ಮಾಡಿ ತಂದು ನನ್ನ ಮುಂದೆ ಇಡುತ್ತಾರೆ. ನಮ್ಮ ಸೀಮೆಯ ಅಸಲಿ ನಾಣ್ಯ ಹಾಗಿರುವುದಿಲ್ಲ. ಅದು ಯಾರದೋ ಮನೆಯ ದೇವರ ಗೂಡಿನಲ್ಲಿದ್ದುಕೊಂಡು, ಹಬ್ಬ ಹಬ್ಬಕ್ಕೂ ಹುಣಸೆಹಣ್ಣಿನಲ್ಲಿ ಉಜ್ಜಿಸಿಕೊಂಡು, ಮೂಗು ಕಿವಿ ಸವೆದು ಥಳಥಳ ಹೊಳೆಯುತ್ತಿರುತ್ತದೆ. ದೊಡ್ಡ ಪೇಟೆಗಳಿಂದ ಬರುವ ವ್ಯಾಪಾರಿಗಳು ಕಪ್ಪನ್ನು ನಂಬಿ ಹೊಳಪನ್ನು ಬಿಟ್ಟು ಹೋಗುತ್ತಾರೆ. ನಾನು ಅವರನ್ನು ತಿದ್ದಲು ಹೋಗುವುದಿಲ್ಲ. ಓದಿಕೊಂಡವರು, ಅವರಿಷ್ಟ.

ಹುಣಸೂರಿನ ಪೇಟೆ ಬೀದಿಯಲ್ಲಿ ನನ್ನದೊಂದು ಬೆಳ್ಳಿ ಬಂಗಾರದ ಅಂಗಡಿ ಇದೆ. ಅಂಗಡಿ ಅಂದರೆ ದೊಡ್ಡ ಮಾತು. ಕಾಲ್ಗೆಜ್ಜೆಯ ಕೊಂಡಿ, ಓಲೆಯ ತಿರುಪು, ಲಿಂಗದ ಕರಡಿಗೆಯ ಮುಚ್ಚಳ, ಇಂಥ ರಿಪೇರಿಯೇ ಹೆಚ್ಚು. ಅಪ್ಪ ರಾವಂದೂರಿನಲ್ಲಿ ಕುಲುಮೆ ಇಟ್ಟುಕೊಂಡಿದ್ದ ಆಚಾರಿ. ಗಂಡುಮಕ್ಕಳಿರಲಿಲ್ಲ, ಊದುಗೊಳವೆ ನನ್ನ ಕೈಗೆ ಬಂತು. ಊರಿನವರು ಆಡಿಕೊಂಡರು. ಅಪ್ಪ ತಲೆ ಎತ್ತದೆ, "ಬೆಂಕಿಗೆ ಗಂಡು ಎಣ್ಣು ಗೊತ್ತಾಗಾಕಿಲ್ಲ, ಉಸ್ರು ಗೊತ್ತಾಯ್ತದೆ" ಅಂದ. ಮದುವೆಯಾಗಿ ಹುಣಸೂರಿಗೆ ಬಂದ ಮೇಲೂ ನಾನು ಊದುವುದನ್ನು ಬಿಡಲಿಲ್ಲ. ನನ್ನ ಗಂಡ ಲೆಕ್ಕ ಗಿರಾಕಿ ನೋಡಿಕೊಳ್ಳುತ್ತಾರೆ, ಕೆಲಸ ನನ್ನದು.

ಹಳೆಯ ನಾಣ್ಯ ನೋಡುವುದನ್ನು ಕಲಿಸಿದ್ದೂ ಅಪ್ಪನೇ. ಕಣ್ಣು ಮುಚ್ಚಿಸಿ ಅಂಗೈ ಮೇಲೆ ಒಂದೊಂದೇ ಇಡುತ್ತಿದ್ದ. ರಾಣಿ ತಲೆಯ ಬೆಳ್ಳಿ ರೂಪಾಯಿ ಒಂದು ತೊಲದ್ದು. ಆ ತೂಕ ಒಮ್ಮೆ ಅಂಗೈಗೆ ಅಂಟಿದರೆ ಸಾಯುವ ತನಕ ಮರೆಯುವುದಿಲ್ಲ. ಆಮೇಲೆ ಕಣ್ಣು ಬಿಟ್ಟು ಅಕ್ಷರ ನೋಡಬೇಕು. ಅಚ್ಚಿನಲ್ಲಿ ಹೊಡೆದ ಅಕ್ಷರದ ಬುಡ ಕಡಿದ ಹಾಗೆ ನೆಟ್ಟಗಿರುತ್ತದೆ. ಎರಕ ಹೊಯ್ದದ್ದಾದರೆ ಅಕ್ಷರದ ಅಂಚು ಬಿಸಿಲಿಗಿಟ್ಟ ಬೆಲ್ಲದಂತೆ ಕರಗಿರುತ್ತದೆ, ಮೈಮೇಲೆ ಇಡ್ಲಿಗಿರುವಂಥ ಸಣ್ಣ ಸಣ್ಣ ತೂತು, ಅಂಚಿನ ಸುತ್ತ ಅರ ಹಾಕಿ ಮುಚ್ಚಿದ ಒಂದು ಗೆರೆ. ಇಷ್ಟು ತಿಳಿದರೆ ನೂರಕ್ಕೆ ತೊಂಬತ್ತು ಕಳ್ಳರು ಬಾಗಿಲಲ್ಲೇ ಸಿಕ್ಕಿಬೀಳುತ್ತಾರೆ.

ಕೆ.ಆರ್. ನಗರದ ಒಬ್ಬ ನಿವೃತ್ತ ಮೇಷ್ಟ್ರು ಒಮ್ಮೆ ಆರು ರಾಣಿ ರೂಪಾಯಿ ತಂದರು. ಮಡಿಕೇರಿ ರಸ್ತೆಯಲ್ಲಿ ಕೊಪ್ಪದಾಚೆ ಎಲ್ಲೋ ಒಬ್ಬ ಟವಲು ಹಾಸಿಕೊಂಡು ಮಾರುತ್ತಿದ್ದನಂತೆ. ಮೇಷ್ಟ್ರ ಮುಖದಲ್ಲಿ ಮದುವಣಿಗನ ಕಳೆ. ನಾನು ಆರನ್ನೂ ಸಾಲಾಗಿ ಜೋಡಿಸಿ ಭೂತಗನ್ನಡಿ ಅವರ ಕೈಗೇ ಕೊಟ್ಟೆ. "ಸಾರ್, ಆರು ರಾಣೀರ್ಗೂ ಎಡಗೆನ್ನೆ ಮೇಲೆ ಒಂದೇ ಜಾಗದಲ್ಲಿ ಗಾಯ ಆಗೈತಲ್ಲ, ಒಂದೇ ಬೆಕ್ಕು ಪರಚ್ತೋ ಏನೋ" ಅಂದೆ. ಒಂದು ಅಸಲಿಯ ಮೇಲೆ ಬಿದ್ದಿದ್ದ ಗೀರು, ಅದರಿಂದ ಎರಕ ಹೊಯ್ದ ಎಲ್ಲ ಮರಿಗಳಿಗೂ ಬಂದಿತ್ತು. ಮೇಷ್ಟ್ರು ಬಹಳ ಹೊತ್ತು ನೋಡಿ, ಕೊನೆಗೆ ನಕ್ಕರು, ಒಳ್ಳೆಯ ಮನುಷ್ಯ. ಆ ಆರನ್ನೂ ಮೊಮ್ಮಕ್ಕಳ ಚೌಕಾಬಾರಕ್ಕೆ ಕಾಯಿ ಮಾಡಿದ್ದಾರಂತೆ.

ಎಚ್.ಡಿ. ಕೋಟೆ ಕಡೆಯಿಂದ ಬಂದವನೊಬ್ಬನದು ಇನ್ನೂ ಸೊಗಸು. ಅವನ ಹತ್ತಿರ ಆನೆ ಗುರುತಿನ ತಾಮ್ರದ ಕಾಸು, ಅದು ಅಕ್ಕಿಯನ್ನು ಎಳೆದುಕೊಳ್ಳುತ್ತದಂತೆ. ಪೊಟ್ಟಣದಿಂದ ನಾಲ್ಕು ಅಕ್ಕಿಕಾಳು ಸುರಿದು ಕಾಸು ಹತ್ತಿರ ತಂದ, ಕಾಳು ಜಿಗಿದು ಅಂಟಿಕೊಂಡವು. ನಾನು ಒಳಗಿನಿಂದ ನಮ್ಮನೆಯ ಸೊಸೈಟಿ ಅಕ್ಕಿ ಒಂದು ಹಿಡಿ ತರಿಸಿ ಮುಂದೆ ಹಾಕಿದೆ. ಒಂದು ಕಾಳೂ ಅಲ್ಲಾಡಲಿಲ್ಲ. "ನಿಮ್ ಕಾಸ್ಗೆ ಬಡವರ ಅಕ್ಕಿ ರುಚಿಸಾಕಿಲ್ವೇನೋ" ಅಂದಾಗ ಅವನು ಬಂದ ವೇಗದಲ್ಲೇ ಹೋದ. ಅವನ ಅಕ್ಕಿಗೆ ಕಬ್ಬಿಣದ ಪುಡಿ ಮೆತ್ತಿತ್ತು, ಕಾಸಿನೊಳಗೆ ಅಯಸ್ಕಾಂತ ಅಡಗಿತ್ತು ಎಂದು ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ.

ಇಷ್ಟೆಲ್ಲ ಹೇಳಿದ್ದು ನನ್ನ ಜಂಬ ಎಷ್ಟಿತ್ತು ಎಂದು ಗೊತ್ತಾಗಲಿ ಅಂತ. ಈಗಲೂ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಎರಡು ವರ್ಷದ ಹಿಂದೆ, ಹೊಗೆಸೊಪ್ಪು ಮುರಿಯುವ ಕಾಲದಲ್ಲಿ, ಅದೇ ಜಂಬ ಒಬ್ಬ ಹೆಂಗಸಿನ ಮಾನದ ಮೇಲೆ ಹೋಗಿ ಕೂತಿತು.

ರಾವಂದೂರಿಗೆ ಹತ್ತಿರದ ಒಂದು ಹಳ್ಳಿ. ಅಲ್ಲಿನ ದೊಡ್ಡ ಮನೆಯವರು ಹಳೆಯ ಶಿವಭಕ್ತರ ಒಕ್ಕಲು, ಹೊಗೆಸೊಪ್ಪಿನ ಬೆಳೆಗಾರರು. ಅವರ ಮನೆಯಲ್ಲಿ ತಲೆತಲಾಂತರದಿಂದ ಬಂದ ಒಂದು ಚಿನ್ನದ ವರಹ. ಸುಲಿದ ಅವರೆಕಾಳಿಗಿಂತ ತುಸು ದೊಡ್ಡದು, ಒಂದು ಮುಖದಲ್ಲಿ ಶಿವ ಪಾರ್ವತಿ ಕೂತಿದ್ದಾರೆ, ಇನ್ನೊಂದರಲ್ಲಿ ಅಕ್ಷರ. ಊರಿನಲ್ಲಿ ಯಾರ ಮನೆಯಲ್ಲೇ ಕೂಸು ಹುಟ್ಟಲಿ, ಆ ವರಹ ಆ ಮನೆಗೆ ಹೋಗುತ್ತದೆ. ತೇಯುವ ಕಲ್ಲಿನ ಮೇಲೆ ಬಜೆಯ ಜೊತೆ ಅದರ ಅಂಚನ್ನೂ ನಾಲ್ಕು ಸುತ್ತು ತೇಯ್ದು, ಜೇನಿನಲ್ಲಿ ಕಲಸಿ, ಕೂಸಿನ ನಾಲಿಗೆಗೆ ಸವರುತ್ತಾರೆ. ಬಡವರ ಕೂಸಿಗೂ ಬಾಯಿಗೆ ಚಿನ್ನ ಬೀಳಲಿ ಎಂದು ಆ ಮನೆಯ ಹಿರಿಯರು ಮಾಡಿದ ಕಟ್ಟಳೆ. ತಲೆಮಾರುಗಟ್ಟಲೆ ಒಂದೇ ಜಾಗದಲ್ಲಿ ತೇಯ್ದು ವರಹದ ಒಂದು ಅಂಚು ಚಪ್ಪಟೆಯಾಗಿದೆ.

ಆ ಕಟ್ಟಳೆಗೆ ಇನ್ನೊಂದು ಕಟ್ಟಳೆ ಜೋಡಿ. ವಾಪಸು ಕೊಡುವಾಗ ಮನೆಯವರು ವರಹವನ್ನು ನೋಡಬಾರದು. ತಂದವಳೇ ನಡುಮನೆಗೆ ಬಂದು ಅಕ್ಕಿ ಮಡಕೆಯೊಳಗೆ ಹಾಕಿ ಹೋಗಬೇಕು, ಮನೆಯವರು ಆ ಹೊತ್ತಿಗೆ ಬೇರೆ ಕಡೆ ಮುಖ ಮಾಡಬೇಕು. ನೋಡಿ ತೆಗೆದುಕೊಂಡರೆ ಕೂಸಿನ ತುತ್ತಿನ ಮೇಲೆ ಅನುಮಾನಪಟ್ಟಂತೆ, ಕೂಸಿಗೆ ಆಗಿಬರುವುದಿಲ್ಲ. ಇಂಥ ಚೆಂದದ ನಡವಳಿಕೆ ಬೇರೆ ಎಲ್ಲಾದರೂ ಇದೆಯೋ ನನಗೆ ಗೊತ್ತಿಲ್ಲ. ಅದರಿಂದಾಗಿ ಆ ವರಹವನ್ನು ದಶಕಗಳ ಕಾಲ ಯಾರೂ ಸರಿಯಾಗಿ ನೋಡಿರಲೇ ಇಲ್ಲ.

ಆ ಮನೆಯ ಮಗ, ನಲವತ್ತೈದರ ಸುಮಾರಿನವನು, ಫೋನಿನಲ್ಲಿ ಹಳೆಯ ನಾಣ್ಯಗಳ ವೀಡಿಯೋ ನೋಡಿ ಒಂದು ದಿನ ವರಹವನ್ನು ಅಂಗಡಿಗೆ ತಂದ. ಮಾರಲಿಕ್ಕಲ್ಲ, ಬೆಲೆ ತಿಳಿಯಲಿಕ್ಕೆ ಅಂದ. ನಾನು ನಂಬಿದಂತೆ ಮುಖ ಮಾಡಿ ಅಂಗೈಗೆ ಇಸಿದುಕೊಂಡೆ. ಬಿದ್ದ ಕೂಡಲೇ ಗೊತ್ತಾಯಿತು, ಹಗುರ. ತಕ್ಕಡಿಗೆ ಹಾಕಿದೆ, ಮೂರು ಗ್ರಾಂ ದಾಟಬೇಕಾದದ್ದು ಎರಡರ ಹತ್ತಿರ ನಿಂತಿತು. ಶಿವನ ಮೊಣಕಾಲಿನ ಮೇಲೆ ಹಳದಿ ಸವೆದು ಬಿಳಿ ಇಣುಕುತ್ತಿತ್ತು.

"ಇದು ವರಹ ಅಲ್ಲ ಕಣಪ್ಪ. ಬೆಳ್ಳಿ ಎರಕ, ಮ್ಯಾಲೆ ಚಿನ್ನದ ತಗಡು ಒದ್ಸವ್ರೆ" ಅಂದೆ.

ಅವನ ಮುಖ ಕಪ್ಪಿಟ್ಟಿತು. "ಅಂಗಾರೆ ಬದ್ಲಾಯ್ಸವ್ರೆ. ಮೊನ್ನೆ ಇನ್ನೂ ಒಂದ್ ಮನೆಯಿಂದ ವಾಪಸ್ ಬಂತು" ಎಂದವನು ನಾಣ್ಯ ಕಿತ್ತುಕೊಂಡು ಬೈಕು ಹತ್ತಿದ. ಒರೆಗಲ್ಲು ನನ್ನ ಮೊಣಕಾಲ ಪಕ್ಕದಲ್ಲೇ ಇತ್ತು. ನಾನು ಅದನ್ನು ಮುಟ್ಟಿರಲಿಲ್ಲ. ಗೊತ್ತಿರುವುದಕ್ಕೆ ಒರೆ ಯಾಕೆ ಅನ್ನುವ ಠೇಂಕಾರ. ಅವನು ಹೋದ ಮೇಲೆ ಕಾಲ್ಗೆಜ್ಜೆಯೊಂದಕ್ಕೆ ಕೊಂಡಿ ಹಾಕಿ, ಮಧ್ಯಾಹ್ನ ಸೊಪ್ಪಿನ ಸಾರು ಉಂಡು, ಆ ವಿಷಯ ಮರೆತೆ.

ಮೂರನೆಯ ದಿನ ಬೆಳಿಗ್ಗೆ ಅಂಗಡಿ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ನನ್ನದೇ ವಯಸ್ಸು, ಅರವತ್ತಕ್ಕೆ ಹತ್ತಿರ. ಬೆರಳುಗಳಿಗೆ ಹೊಗೆಸೊಪ್ಪಿನ ಅಂಟು ಕರೆಗಟ್ಟಿತ್ತು, ಸೊಪ್ಪು ಕಟ್ಟುವವರ ಕೈ ಆ ಕಾಲದಲ್ಲಿ ಎಷ್ಟು ತೊಳೆದರೂ ಹಾಗೇ. ಒಳಗೆ ಬಾ ಎಂದರೂ ಬರಲಿಲ್ಲ.

"ಆ ಕಾಸು ನೋಡಿ ಸುಳ್ಳು ಅಂದೋರು ನೀವೇನಾ, ಅವ್ವ?"

"ನಾನೇ. ಯಾಕಕ್ಕ?"

"ಅದ ಇಸ್ಕಂಡೋಗಿದ್ದೋಳು ನಾನು. ಮೊಮ್ಮಗೀಗೆ ಅಂತ."

ಆಮೇಲೆ ನಿಧಾನವಾಗಿ ಎಲ್ಲ ಹೇಳಿದಳು. ದೊಡ್ಡ ಮನೆಯ ಮಗ ನಾಲ್ಕು ಜನರನ್ನು ಕರೆದುಕೊಂಡು ಬಂದು ಮನೆ ಶೋಧಿಸಿದ್ದ. ಬಾಣಂತಿಯ ಪೆಟ್ಟಿಗೆಯನ್ನೂ ಬಿಟ್ಟಿರಲಿಲ್ಲ, ಕೂಸಿನ ಬಟ್ಟೆಗಳನ್ನು ಒಂದೊಂದಾಗಿ ಕೊಡವಿದ್ದರು. ಏನೂ ಸಿಗದಿದ್ದಾಗ ನಾಳೆ ಅರಳಿಕಟ್ಟೆಗೆ ಬಂದು, ಕರ್ಪೂರ ಹಚ್ಚಿ, ಮೊಮ್ಮಗಳ ತಲೆ ಮುಟ್ಟಿ ಆಣೆ ಮಾಡು ಅಂದಿದ್ದರು.

"ನಾನು ಕದ್ದಿಲ್ಲ. ಆದ್ರೂ ಕೂಸಿನ ತಲೆ ಮುಟ್ಟಿ ಆಣೆ ಮಾಡಾಕಿಲ್ಲ. ಇನ್ನೂ ತಿಂಗ್ಳು ತುಂಬದ ಕೂಸು ಕಣವ್ವ ಅದು. ನನ್ನ ಕಳ್ಳಿ ಅನ್ನದಾದ್ರೆ ಅನ್ಲಿ ಬುಡಿ. ಆದ್ರೆ ಆಣೆ ಮಾಡ್ನಿಲ್ಲ ಅಂದ್ರೆ ಕದ್ದವ್ಳೇ ಅಂತಾರೆ, ಸೊಸೆ ಮಕ ಎತ್ಕಂಡು ನೀರಿಗೋಗಂಗಿಲ್ಲ. ನೀವು ಸುಳ್ಳು ಅಂದ್ರಂತಲ್ಲ, ಯಾವಾಗ ಸುಳ್ಳಾಯ್ತು ಅಂತ ಏಳಾಕಾಯ್ತದಾ? ಅಷ್ಟು ಕೇಳನ ಅಂತ ಬಂದೆ."

ಯಾವಾಗ ಸುಳ್ಳಾಯಿತು. ನಲವತ್ತು ವರ್ಷದಿಂದ ನಾಣ್ಯ ನೋಡುವ ನಾನು ಆ ಪ್ರಶ್ನೆಯನ್ನು ಕೇಳಿಕೊಂಡಿರಲಿಲ್ಲ. ನನ್ನ ಮೈಯೆಲ್ಲ ಉರಿಯಿತು, ಅವಮಾನವೋ ಸಿಟ್ಟೋ ಈಗ ನೆನೆದರೂ ಬಿಡಿಸಿ ಹೇಳಲಾರೆ. ಒರೆಗಲ್ಲು, ಭೂತಗನ್ನಡಿ, ಆಸಿಡ್ ಬಾಟಲಿ ಚೀಲಕ್ಕೆ ಹಾಕಿಕೊಂಡೆ. ಗಂಡನಿಗೆ ಗಿರಾಕಿ ನೋಡಿಕೊಳ್ಳಲು ಹೇಳಿ, ಆಕೆಯ ಕೈ ಹಿಡಿದು ಎಬ್ಬಿಸಿಕೊಂಡು ಪಿರಿಯಾಪಟ್ಟಣದ ಬಸ್ಸು ಹತ್ತಿದೆ.  

ದೊಡ್ಡ ಮನೆಯ ಜಗಲಿಯಲ್ಲಿ ಮಗ, ಅವನ ಜೊತೆ ಊರಿನ ಮೂರು ನಾಲ್ಕು ಜನ. ಒಳಬಾಗಿಲಿಗೆ ಒರಗಿ ಅವನ ತಾಯಿ ಕೂತಿದ್ದರು, ಹಣೆ ತುಂಬ ವಿಭೂತಿ, ಎಂಬತ್ತು ದಾಟಿದ ಜೀವ. ಊರಿನವರೆಲ್ಲ ಅಮ್ಮಾವ್ರು ಅನ್ನುತ್ತಾರೆ. ನಾನು ಪೀಠಿಕೆ ಹಾಕದೆ, "ಕಾಸು ತತ್ತಾ. ನಾನು ಅರ್ಧ ನೋಡಿ ಮಾತಾಡ್ಬುಟ್ಟೆ, ಪೂರಾ ನೋಡ್ಬೇಕು" ಅಂದೆ. ಮಗ ಗೊಣಗುತ್ತ ತಂದುಕೊಟ್ಟ.

ತೇಯ್ದು ಚಪ್ಪಟೆಯಾದ ಅಂಚನ್ನು ಒರೆಗಲ್ಲಿನ ಮೇಲೆ ಎಳೆದೆ. ಹಳದಿ ಗೆರೆ ಬಿತ್ತು. ಆಸಿಡ್ ಬಿಟ್ಟೆ. ಬೆಳ್ಳಿಯಾದರೆ ಕರಗಿ ಹೋಗಬೇಕು, ಗೆರೆ ಹೋಗಲಿಲ್ಲ. ಇನ್ನೊಂದು ತೊಟ್ಟು ಬಿಟ್ಟೆ, ಹೋಗಲಿಲ್ಲ. ಅಪ್ಪಟ ಚಿನ್ನ. ನಾನು ಬೆಳ್ಳಿ ಎಂದು ಸಾರಿದ್ದ ನಾಣ್ಯ ಒರೆಗಲ್ಲಿನ ಮೇಲೆ ಚಿನ್ನ ಎನ್ನುತ್ತಿತ್ತು. ಎದುರಿಗೆ ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು. ನಾಣ್ಯವನ್ನು ತಿರುಗಿಸಿ ಆಚೆ ಬದಿಯ ಅಂಚನ್ನು ಎಳೆದೆ. ತಗಡು ಹರಿದು ಬಿಳಿ ಗೆರೆ ಬಂತು, ಆಸಿಡ್ ಬಿದ್ದೊಡನೆ ಮಾಯವಾಯಿತು.

ಭೂತಗನ್ನಡಿ ಕಣ್ಣಿಗೆ ಹಚ್ಚಿದೆ, ಚಪ್ಪಟೆ ಅಂಚಿನ ಹಿಂದೆ ಕೂದಲೆಳೆಯಷ್ಟು ಬೆಸುಗೆಯ ಗೆರೆ ಕಂಡಿತು. ಬೆಳ್ಳಿಯ ನಾಣ್ಯಕ್ಕೆ, ಕೂಸಿಗಾಗಿ ತೇಯುವ ಆ ಒಂದು ಜಾಗದಲ್ಲಿ ಮಾತ್ರ, ಬಿದಿಗೆಯ ಚಂದ್ರನ ಆಕಾರದಲ್ಲಿ ನಿಜವಾದ ಚಿನ್ನದ ತುಂಡು ಬೆಸೆದಿದ್ದರು. ಬೆಸುಗೆ ನೆಟ್ಟಗಿರಲಿಲ್ಲ. ಎರಡೂ ತುಂಡುಗಳ ಅಂಚನ್ನು ಓರೆಯಾಗಿ ಅರ ಹಾಕಿ, ಒಂದರ ಮೇಲೊಂದು ಕೂರಿಸಿ ಬೆಸೆದದ್ದು. ಹಾಗೆ ಬೆಸೆಯುವ ಕೈ ಈ ಸೀಮೆಯಲ್ಲಿ ಒಂದೇ ಇತ್ತು. ಅದರ ಕೆಲಸ ಇಂದಿಗೂ ರಿಪೇರಿಗೆ ನನ್ನ ಅಂಗಡಿಗೆ ಬರುತ್ತದೆ, ನೋಡಿದರೆ ಸಾಕು, ನನಗೆ ಗೊತ್ತಾಗುತ್ತದೆ.

 ಸುಮ್ಮನೆ ಎದ್ದು ಹೋಗಬಹುದಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಆ ಊರಿನ ಅರ್ಧ ಹೆಂಗಸರ ಕೊರಳಲ್ಲಿ ಅಪ್ಪ ಮಾಡಿದ ತಾಳಿಯಿದೆ. ಅವರ ಎದುರಿಗೆ ಅಪ್ಪನನ್ನು ನಕಲಿ ನಾಣ್ಯ ಮಾಡಿದವನು ಎಂದು ಮಗಳೇ ಹೇಳಬೇಕು. ಆದರೆ ಎದುರಿಗೆ ಕೂತವಳಿಗೆ ನಾಳೆಯವರೆಗೆ ಮಾತ್ರ ಸಮಯವಿತ್ತು.

"ಇಲ್ಲಿ ನೋಡ್ರಪ್ಪ," ಎಂದು ಮಗನನ್ನೂ ಉಳಿದವರನ್ನೂ ಕರೆದು ಭೂತಗನ್ನಡಿಯಲ್ಲಿ ತೋರಿಸಿದೆ. "ಕದಿಯೋನು ಅಸಲಿ ತಕ್ಕಂಡು ನಕಲಿ ಇಡ್ತಾನೆ. ನಕಲಿಗೆ ಕೈಯಿಂದ ಚಿನ್ನ ಹಾಕಿ ಬೆಸೀತಾನಾ? ಅದೂ ಕೂಸಿಗೆ ತೇಯೋ ಜಾಗದಲ್ಲೇ? ಈ ಚಿನ್ನ ಮೊದ್ಲು ಎಷ್ಟಿತ್ತು ಅಂತ ಬೆಸುಗೆ ಗೆರೆನೇ ಏಳ್ತದೆ. ಈಗ ಉಗುರಿನ ಅಂಚಿನಷ್ಟು ಉಳಿದದೆ. ಒಂದು ಕೂಸಿಗೆ ನಾಲ್ಕು ಸುತ್ತು ತೇಯ್ದು ಇಷ್ಟು ಸವೀಬೇಕು ಅಂದ್ರೆ ಎಷ್ಟು ಬಾಣಂತನ ಆಗಿರ್ಬೇಕು? ಈಯಮ್ಮನ ಮನೇಲಿ ಇದ್ದದ್ದು ಎಷ್ಟು ದಿನ?"

"ಒಂಬತ್ತು ದಿನ," ಅಂದಳು ಆಕೆ.

"ಮತ್ತೆ ಯಾವ ಕಾಲದ್ದು ಇದು? ಯಾರು ಮಾಡಿದ್ದು?" ಅಂದ ಮಗ.

"ಸವೆದಿರೋದ ನೋಡಿದ್ರೆ ನಲವತ್ತು ವರ್ಸಕ್ಕಿಂತ ಇಂದೆ. ಮಾಡಿದ್ದು ನಮ್ಮಪ್ಪ."

 ಹೊರಗೆ, ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮನೆಯಲ್ಲಿ, ಸೊಪ್ಪು ಬೇಯುವ ಘಾಟು ಬರುತ್ತಿತ್ತು. ಆಗ ಒಳಬಾಗಿಲ ಬಳಿಯಿಂದ ಅಮ್ಮಾವ್ರು ಹೇಳಿದರು, "ನಿಜ ಕಣವ್ವ. ನಂಗೊತ್ತಿತ್ತು."

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಹೇಳಿದ್ದು ಇಷ್ಟು. ಅವರ ಯಜಮಾನರಿದ್ದಾಗ ಒಂದು ವರ್ಷ ಬ್ಯಾರನ್ನಿಗೆ ಬೆಂಕಿ ಬಿದ್ದು, ಏರಿಸಿದ್ದ ಸೊಪ್ಪೆಲ್ಲ ಬೂದಿಯಾಯಿತು. ಮತ್ತೆ ಬ್ಯಾರನ್ ಎಬ್ಬಿಸಲು ಯಜಮಾನರು ಯಾರಿಗೂ ತಿಳಿಯದಂತೆ ವರಹ ಮಾರಿದರು. ಆದರೆ ಊರಿನಲ್ಲಿ ಕೂಸು ಹುಟ್ಟುವುದು ನಿಲ್ಲುತ್ತದೆಯೇ? ಮಾರುವ ಮೊದಲು ನನ್ನ ಅಪ್ಪನ ಹತ್ತಿರ ಹೋಗಿ, ಅದರಂಥದೇ ಒಂದು ಬೆಳ್ಳಿಯಲ್ಲಿ ಹೊಯ್ದುಕೊಡು ಅಂದರು.

"ನಿಮ್ಮಪ್ಪಾರು ಒಪ್ನಿಲ್ಲ. ಮೂರು ಸಲ ಅವ್ರ ತಾವ್ಕೆ ಓದ್ರು ಇವ್ರು. ಕಡೀಗೆ ನಿಮ್ಮಪ್ಪಾರೇ ಅಂದ್ರಂತೆ, ಕಾಸು ಸುಳ್ಳಾದ್ರೆ ಆಗ್ಲಿ, ಕೂಸಿನ ಬಾಯ್ಗೆ ಓಗೋದು ಸುಳ್ಳಾಗ್ಬಾರ್ದು ಅಂತ. ಆ ತುಂಡು ಚಿನ್ನ ಅವ್ರೇ ಆಕಿದ್ದು. ಇವ್ರ ತಾವ ಇಸ್ಕಳ್ನಿಲ್ಲ."

ನನ್ನ ಕಣ್ಣು ತುಂಬಿದವು. ಅಪ್ಪ ಬದುಕಿರುವ ತನಕ ಈ ಮಾತು ಬಾಯಿ ಬಿಟ್ಟಿರಲಿಲ್ಲ, ಹೊಟ್ಟೆಪಾಡಿಗೆ ಗೆಜ್ಜೆ ಬೆಸೆಯುವ ಮನೆಯಲ್ಲಿ ಆ ಚಿನ್ನವನ್ನು ಎಲ್ಲಿಂದ ತಂದನೋ. ಅಂಥವನ ಮಗಳು ನಾನು ಎಂದು ಜಗಲಿಯಲ್ಲಿ ಎದ್ದು ನಿಂತು ಕೂಗಬೇಕು ಅನ್ನಿಸಿತು. ಅದೇ ಹೊತ್ತಿಗೆ ಅಮ್ಮಾವ್ರ ಮೇಲೆ ಹೇಳಲಾರದಷ್ಟು ಸಿಟ್ಟೂ ಬಂತು. ಮೂರು ದಿನ ಎಲ್ಲ ತಿಳಿದೂ ಬಾಯಿ ಮುಚ್ಚಿಕೊಂಡು ಕೂತಿದ್ದರಲ್ಲ.

"ಮತ್ತೆ ಮೊದ್ಲೇ ಯಾಕೆ ಏಳ್ನಿಲ್ಲ, ಅಮ್ಮಾವ್ರೆ?" ಅಂದೆ.

"ಸತ್ತೋರ ಮರ್ಯಾದೆ ಓಯ್ತದೆ ಅಂತ ಸುಮ್ಕಿದ್ದೆ ಕಣವ್ವ. ಇವನು ಇಷ್ಟು ದೂರ ತಕ್ಕಂಡೋಯ್ತಾನೆ ಅಂತ ತಿಳೀನಿಲ್ಲ."

ಮಗ ತಲೆ ತಗ್ಗಿಸಿದ. ಜೊತೆಗಿದ್ದವರು ಒಬ್ಬೊಬ್ಬರಾಗಿ, ಸೊಪ್ಪು ಇಳಿಸಬೇಕು, ಹಸು ಹಿಡಿಯಬೇಕು ಎಂದು ಜಗಲಿ ಇಳಿದರು. ನಾನು ಆಕೆಯ ಕಡೆ ತಿರುಗಿ, ತಪ್ಪು ನನ್ನದೂ ಇದೆ, ಪೂರಾ ನೋಡದೆ ಬಾಯಿ ಬಿಟ್ಟೆ ಅಂದೆ. ಆಕೆ, "ನೀವು ಬಂದ್ರಲ್ಲ ಬುಡಿ" ಅಂದಳು. ಅಷ್ಟೇ. ಆಕೆಯ ಕಣ್ಣು ನನ್ನ ಮೇಲಿರಲಿಲ್ಲ.

ಅಮ್ಮಾವ್ರು ನೆಲಕ್ಕೆ ಕೈಯೂರಿ ಕಷ್ಟಪಟ್ಟು ಎದ್ದರು. "ಆಗಿದ್ದು ಆಗೋಯ್ತು ಕಣಮ್ಮಿ. ಮನ್ಸಲ್ಲಿ ಇಟ್ಕಬೇಡ. ತಕ್ಕ, ಎಂದಿನಂಗೆ ನಿನ್ ಕೈಯಾರೆ ಮಡಕೆಗೆ ಆಕು ನಡಿ" ಎಂದು, ಕಟ್ಟಳೆಯಂತೆ ಮುಖವನ್ನು ಗೋಡೆಯ ಕಡೆ ತಿರುಗಿಸಿದರು.

ಆಕೆ ಒರೆಗಲ್ಲಿನ ಪಕ್ಕದಿಂದ ನಾಣ್ಯ ಎತ್ತಿಕೊಂಡು ಒಳಗೆ ಹೋದಳು. ಮಡಕೆಯ ಹತ್ತಿರ ನಿಲ್ಲಲಿಲ್ಲ. ಸುತ್ತಿ ಬಂದು, ಅಮ್ಮಾವ್ರು ಯಾವ ಕಡೆ ಮುಖ ಮಾಡಿದ್ದರೋ ಆ ಕಡೆಗೇ ಹೋಗಿ, ಗೋಡೆಗೆ ಬೆನ್ನು ಕೊಟ್ಟು ನಿಂತಳು. ಅಂಟುಗಪ್ಪು ಹಿಡಿದ ಅಂಗೈ ಬಿಡಿಸಿ ಅವರ ಕಣ್ಣ ಮುಂದೆ ಹಿಡಿದಳು.

"ಈ ಸಲ ನೋಡಿ ಇಸ್ಕಳಿ, ಅಮ್ಮಾವ್ರೆ" ಅಂದಳು.

ದನಿ ಏರಿಸಿರಲಿಲ್ಲ. ಅಮ್ಮಾವ್ರು ಬೇಡ ಎಂಬಂತೆ ತಲೆ ಆಡಿಸಿದರು. ಕೈ ಹಾಗೇ ಇತ್ತು. ಕೊನೆಗೆ ಅವರು ನಾಣ್ಯ ತೆಗೆದುಕೊಂಡು ಶಿವ ಪಾರ್ವತಿಯ ಮುಖ ನೋಡಿದರು, ತಿರುಗಿಸಿ ಅಕ್ಷರದ ಕಡೆ ನೋಡಿದರು, ಚಪ್ಪಟೆ ಅಂಚನ್ನು ಬೆರಳಲ್ಲಿ ಸವರಿದರು. ಅವರು ನೋಡಿ ಮುಗಿಸುವ ತನಕ ಆಕೆ ಕೈ ಕೆಳಗಿಳಿಸಲಿಲ್ಲ.